ಮೆಣಸಿನ ಸಾರು ಮತ್ತು ಬಿಳಿ ಇಲಿ



ಮೆಣಸು, ಶುಂಠಿಗಳ ಜೀರ್ಣಕಾರಿ ಗುಣ ವಿಜ್ಞಾನದಿಂದ ಸಿದ್ಧವಾಗಿದೆಯೆಂದು ತರಗತಿಯಲ್ಲಿ ನಾನು ಅನೇಕ ಬಾರಿ ಹೇಳಿದ್ದುಂಟು. ಯಾರ ದೇಹದಲ್ಲಿ ಸಿದ್ಧವಾಯಿತೆಂದು ಮಾತ್ರ ಹೇಳಿರಲಿಲ್ಲ. ಆ ಲೋಪವನ್ನು ಇಂದು ತಿದ್ದಿಕೊಳ್ಳುತ್ತಿದ್ದೇನೆ.

ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ಕಲ್ಪನಾ ಪ್ಲಾಟೆಲ್ ಮತ್ತು ಕೆ. ಶ್ರೀನಿವಾಸನ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಸಾಲೆ ಬೆರೆತ ಆಹಾರ ತಿಂದವು ಇಲಿಗಳು. ಶುಂಠಿ ಅಥವಾ ಮೆಣಸಿನ ಪೈಪರಿನ್ ಸೇವಿಸಿದವುಗಳ ಕರುಳಿನಲ್ಲಿ ಕೊಬ್ಬನ್ನು ಒಡೆಯುವ ಲೈಪೇಸ್ ಕಿಣ್ವದ ಚಟುವಟಿಕೆ ಹೆಚ್ಚಿತ್ತು. ಎಲ್ಲ ಮಸಾಲೆಗಳ ಪರಿಣಾಮವೂ ಒಂದೇ ಆಗಿರಲಿಲ್ಲ.

ಇಂತಹ ಪ್ರಯೋಗಗಳಲ್ಲಿ ಕಿಣ್ವವನ್ನು ಅಳೆಯಲು ಇಲಿಯ ಮೇದೋಜೀರಕ ಗ್ರಂಥಿಯನ್ನೋ ಕರುಳಿನ ಒಳಪೊರೆಯನ್ನೋ ತೆಗೆದು ಅರೆಯುತ್ತಾರೆ. ಕರುಳಿನ ಮಾಲ್ಟೇಸ್ ಆದರೆ, ಆ ದ್ರವಕ್ಕೆ ಮಾಲ್ಟೋಸ್ ಸಕ್ಕರೆಯನ್ನು ಬೆರೆಸಿ, ನಿಗದಿತ ವೇಳೆಯಲ್ಲಿ ಎಷ್ಟು ಗ್ಲೂಕೋಸ್ ಉಂಟಾಯಿತೆಂದು ನೋಡುತ್ತಾರೆ. ಅಷ್ಟರಲ್ಲಿ ಇಲಿಯ ಆಯುಸ್ಸು ಮುಗಿದಿರುತ್ತದೆ.

ಒಂದು ಜೀವವನ್ನು ತೆತ್ತು ಪಡೆದ ಅಂಕಿಯನ್ನು ಅದು ಹೇಳದ ಮಾತಿಗೆ ಸಾಕ್ಷಿಯಾಗಿಸುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಇಲಿಯ ಕರುಳಿನಲ್ಲಿ ಲೈಪೇಸ್ ಹೆಚ್ಚಿದ ಮಾತ್ರಕ್ಕೆ ನಮ್ಮ ಅಜೀರ್ಣಕ್ಕೆ ಮದ್ದು ದೊರೆತಂತಾಗದು. ಮೆಣಸಿನ ಸಾರನ್ನು ಧಾರಾಳವಾಗಿ ಕುಡಿಯಿರಿ. ರುಚಿಯೇ ಅದಕ್ಕೆ ಸಾಕಷ್ಟು ಕಾರಣ. ಆದರೆ "ಸಿದ್ಧವಾಗಿದೆ" ಎಂದು ಯಾರಾದರೂ ಹೇಳಿದಾಗ, ಹೇಳಿದವರು ನಿಮ್ಮ ಮೇಷ್ಟರೇ ಆಗಿದ್ದರೂ, ಯಾರಲ್ಲಿ, ಏನನ್ನು ಅಳೆದರು ಎಂದು ಕೇಳಿ.