ಗೆರೆ ಜರುಗಿತು, ಗುಂಟೆ ಉಳಿಯಿತೇ?

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಗುಂಟೆಯ ಮಾತು ಹಗುರವಲ್ಲ. 13 ಹಳ್ಳಿಗಳ 1,777 ಎಕರೆ ಸ್ವಾಧೀನದ ವಿರುದ್ಧ ರೈತರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಅದನ್ನು ಕೈಬಿಟ್ಟಿತು. ಅಂಥ ನೆಲದಲ್ಲಿ ನಿಂತು ಮೊಬೈಲಿನಲ್ಲಿ ಸರ್ವೆ ನಕ್ಷೆ ತೋರಿಸುವ ‘ದಿಶಾಂಕ್’ ಆ್ಯಪ್ ತೆರೆದಾಗ ಸರ್ವೆ ನಂಬರಿನ ಗೆರೆ ಬದುವಿನ ಮೇಲೆ ಬೀಳದೆ ಪಕ್ಕದವರ ರಾಗಿ ಹೊಲದಲ್ಲಿ ಕಂಡರೆ ಎದೆ ಧಸಕ್ಕೆನ್ನುತ್ತದೆ. ಜರುಗಿದ್ದು ನೆಲವಲ್ಲ, ನಕ್ಷೆ. ಹೇಗೆ ಜರುಗಿದೆ ಎಂಬುದನ್ನು ಮೊದಲು ಕೇಳಬೇಕು.

ಆಕೃತಿ ಬದಲಾಗುವಾಗ ಅದರಲ್ಲಿ ಏನು ಬದಲಾಗದೆ ಉಳಿಯುತ್ತದೆ ಎಂಬುದರಿಂದಲೇ ರೇಖಾಗಣಿತಗಳನ್ನು ವಿಂಗಡಿಸಬಹುದೆಂದು 1872ರಲ್ಲಿ ಜರ್ಮನಿಯ ಫೆಲಿಕ್ಸ್ ಕ್ಲೈನ್ ತೋರಿಸಿದ. ಹೊಲದ ಮಟ್ಟಿಗೂ ಇದೇ ಸರಿಯಾದ ದಾರಿ. ಗೆರೆಗಳೆಲ್ಲ ಒಂದೇ ದಿಕ್ಕಿಗೆ ಹತ್ತಡಿ ಸರಿದಿದ್ದರೆ ಸ್ಥಾನಾಂತರ, ಒಂದು ಬಿಂದುವಿನ ಸುತ್ತ ತಿರುಗಿದ್ದರೆ ಭ್ರಮಣ. ಎರಡರಲ್ಲೂ ಉದ್ದ, ಕೋನ, ವಿಸ್ತೀರ್ಣ ಭದ್ರ. ಪ್ರತಿಫಲನದಲ್ಲೂ ಗುಂಟೆ ಕರಗದು. ಆದರೆ ಟ್ರೇಸಿಂಗ್ ಹಾಳೆಯನ್ನು ಮಗುಚಿ ಓದಿದರೆ ಪೂರ್ವದ ಬಾವಿ ಪಶ್ಚಿಮಕ್ಕೆ ಹೋಗುತ್ತದೆ, ಚಕ್ಕುಬಂದಿ ಅದಲುಬದಲಾಗುತ್ತದೆ. ಕ್ರಯಪತ್ರದಲ್ಲಿ ವಿಸ್ತೀರ್ಣದ ಜೊತೆಗೆ ನಾಲ್ಕು ದಿಕ್ಕನ್ನೂ ಬರೆಯುವ ನಮ್ಮ ರೂಢಿ ಎಷ್ಟು ವಿವೇಕದ್ದು!

ಅಪಾಯವಿರುವುದು ಅಳತೆ ಬದಲಿಸುವ ಪರಿವರ್ತನೆಗಳಲ್ಲಿ. ನಕ್ಷೆಯನ್ನು ಶೇ 90ಕ್ಕೆ ಇಳಿಸಿ ಜೆರಾಕ್ಸ್ ಮಾಡಿ, ಹಳೆಯ ಸ್ಕೇಲಿನಲ್ಲೇ ಅಳೆಯಿರಿ. ಆಕಾರ ಹಾಗೇ ಇದೆ, ಕೋನಗಳೂ ಸರಿ. ಆದರೆ ಉದ್ದ ಹತ್ತನೇ ಒಂದು ಪಾಲು ಇಳಿದರೆ ವಿಸ್ತೀರ್ಣ ಶೇ 81ಕ್ಕೆ ಇಳಿಯುತ್ತದೆ. 40 ಗುಂಟೆಯ ಎಕರೆ 32.4 ಗುಂಟೆಯಾಗುತ್ತದೆ. ಇದು ಹೇಗೋ ಕಣ್ಣಿಗೆ ಬೀಳುತ್ತದೆ. ಹಳೆಯ ಕಾಗದ ಮಾಡುವುದು ಇದಕ್ಕಿಂತ ಸೂಕ್ಷ್ಮ. ಅದು ಉದ್ದಕ್ಕೊಂದು ಬಗೆ, ಅಡ್ಡಕ್ಕೊಂದು ಬಗೆ ಕುಗ್ಗುತ್ತದೆ. ಸಮಾಂತರ ಗೆರೆಗಳು ಸಮಾಂತರವಾಗೇ ಇರುತ್ತವೆ, ಕೋನ ಮಾತ್ರ ಓರೆಯಾಗುತ್ತದೆ. ಗಣಿತದಲ್ಲಿ ಇದು ಅಫೈನ್ ಪರಿವರ್ತನೆ. ಅಡ್ಡಕ್ಕೆ ಶೇ 2ರಷ್ಟು ಕುಗ್ಗಿದರೂ ಎಕರೆಗೆ ಸುಮಾರು 871 ಚದರಡಿ ಲೆಕ್ಕ ತಪ್ಪುತ್ತದೆ, ಒಂದು 20x40 ಸೈಟಿಗಿಂತ ಹೆಚ್ಚು. ಓರೆಯಾಗಿ ತೆಗೆದ ಡ್ರೋನ್ ಚಿತ್ರದಲ್ಲಂತೂ ಸಮಾಂತರವೂ ಉಳಿಯದು.

ಇವನ್ನೆಲ್ಲ ಸರಿಪಡಿಸಬಹುದು, ನಕ್ಷೆಯಲ್ಲೂ ನೆಲದಲ್ಲೂ ಇರುವ ಬಾಂದುಕಲ್ಲುಗಳು ಸಿಕ್ಕಿದರೆ. ಸರಿದದ್ದು, ತಿರುಗಿದ್ದು, ಒಂದೇ ಸಮ ಕುಗ್ಗಿದ್ದು ತಿಳಿಯಲು ಎರಡು ಕಲ್ಲು ಸಾಕು. ಅಫೈನ್‌ಗೆ ಒಂದೇ ಸಾಲಿನಲ್ಲಿರದ ಮೂರು ಬೇಕು, ಓರೆ ಚಿತ್ರಕ್ಕೆ ನಾಲ್ಕು. ಟ್ರ್ಯಾಕ್ಟರ್ ಉತ್ತು ಕಿತ್ತುಹೋಗಿ ಎರಡೇ ಕಲ್ಲು ಉಳಿದ ಕಡೆ, ಕಾಗದ ಅಡ್ಡಕ್ಕೆ ಕುಗ್ಗಿತೋ ಉದ್ದಕ್ಕೋ ಎಂಬುದನ್ನು ಆ ಕಲ್ಲುಗಳಷ್ಟರಿಂದಲೇ ಯಾವ ಸಾಫ್ಟ್‌ವೇರೂ ಹೇಳಲಾರದು.