ಗೈಡು ಓದಿದ ವಕೀಲರು ನಮಗೆ ಬೇಡ

ಮಾರಿಕುಪ್ಪಂನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವನ ಕೈಗೆ ಒಂದು ದಿನ ಸಸ್ಪೆಂಡ್ ಆರ್ಡರು ಬಂದರೆ ಅವನು ವಕೀಲರ ಬಾಗಿಲಿಗೇ ಓಡಬೇಕು. ಆ ವಕೀಲರು ಕಾಲೇಜಿನಲ್ಲಿ ಕಲಿತದ್ದೇನು? ಗೈಡಿನ ನಾಲ್ಕು ಸಾಲು!

ನಮ್ಮ ನೆಲದ ಮೊಕದ್ದಮೆಯನ್ನೇ ನೋಡಿ. 1985ರಲ್ಲಿ ಭಾರತ್ ಗೋಲ್ಡ್ ಮೈನ್ಸ್‌ನ ಭದ್ರತಾ ಅಧಿಕಾರಿಯೊಬ್ಬರ ಮನೆಯಲ್ಲಿ ಚಿನ್ನ ಸಿಕ್ಕಿತೆಂದು ಪೊಲೀಸರು ಹೇಳಿದರು. ಕಂಪೆನಿ ಸಸ್ಪೆಂಡ್ ಮಾಡಿತು, ಜೀವನಾಧಾರ ಭತ್ಯೆ ಕೊಡಲಿಲ್ಲ. ಕೇರಳದಿಂದ ವಿಚಾರಣೆಗೆ ಬರಲು ಅವರಲ್ಲಿ ಹಣವಿರಲಿಲ್ಲ. ಅವರಿಲ್ಲದೆಯೇ ವಿಚಾರಣೆ ಮುಗಿಸಿ 1986ರಲ್ಲಿ ವಜಾ ಮಾಡಿದರು. 1987ರಲ್ಲಿ ಕ್ರಿಮಿನಲ್ ಕೋರ್ಟಿನಲ್ಲಿ ಖುಲಾಸೆ. ಸುಪ್ರೀಂ ಕೋರ್ಟು ವಜಾ ರದ್ದುಮಾಡಿದ್ದು 1999ರಲ್ಲಿ.

ಗೈಡು ಓದಿದವನು ಇದರಿಂದ ಉರುಹೊಡೆಯುವುದು ಇಷ್ಟೇ: ಖುಲಾಸೆಯಾದರೆ ಕೆಲಸ ವಾಪಸು. ತಪ್ಪು! ಎರಡು ಕಡೆಯೂ ಆರೋಪ ಒಂದೇ, ಸಾಕ್ಷ್ಯವೂ ಒಂದೇ. ಆ ಸಾಕ್ಷ್ಯವನ್ನು ಕ್ರಿಮಿನಲ್ ಕೋರ್ಟು ನಂಬಲಿಲ್ಲ. ಆದ್ದರಿಂದ ವಜಾ ನಿಲ್ಲಲಿಲ್ಲ. ಸಾಕ್ಷ್ಯ ಬೇರೆಯಿದ್ದರೆ ಫಲವೂ ಬೇರೆಯಾದೀತು. ಭತ್ಯೆ ತಡೆದು 'ವಿಚಾರಣೆಗೆ ಬಾ' ಎನ್ನುವುದು ಅವಕಾಶವೇ ಅಲ್ಲವೆಂಬುದು ತೀರ್ಪಿನ ಇನ್ನೊಂದು ಆಧಾರ. ಈ ಭೇದ ಅರಿಯದ ವಕೀಲನು ಬಡವನಿಗೆ ಸುಳ್ಳು ಆಸೆ ಮಾರುತ್ತಾನೆ. ಲೈಸೆನ್ಸು ರದ್ದಾದ ಅಂಗಡಿಯವನ ಗತಿಯೂ ಅದೇ.

ಕೆ.ಜಿ.ಎಫ್.ನಲ್ಲೂ ಕಾನೂನು ಕಾಲೇಜಿದೆ. ಎಲ್ಲ ಕಾನೂನು ಕಾಲೇಜುಗಳ ಮುಂದೆ ನಮ್ಮ ಬೇಡಿಕೆ ಒಂದೇ: ತೀರ್ಪನ್ನು ಪೂರ್ತಿ ಓದಿಸಿ. ಸಂಗತಿಯೇನು, ಕಾರಣವೇನು, ಯಾವ ಸಂಗತಿ ಬದಲಾದರೆ ತೀರ್ಪು ಬದಲಾಗುತ್ತದೆ ಎಂದು ವಿದ್ಯಾರ್ಥಿಯ ಬಾಯಿಂದಲೇ ಹೇಳಿಸಿ. ಗಣಿ 2001ರಲ್ಲಿ ಮುಚ್ಚಿತು. ಗಣಿಯಿಂದ ಬಂದ ಈ ತೀರ್ಪನ್ನಾದರೂ ಸರಿಯಾಗಿ ಕಲಿಸಿ!