ಜಿಗ್‌ಜ್ಯಾಗ್ ಕೆಟ್ಟರೆ ಟೈಮಿಂಗ್ ಮುಟ್ಬೇಡಿ

ಸಿಂಗರ್ 401ರಂಥ ಹಳೇ ಹೊಲಿಗೆ ಮಷಿನ್ ಸಿಕ್ಕರೆ ನಮ್ಮ ಮೆಕ್ಯಾನಿಕಲ್ ಹುಡುಗ್ರು ಮೊದಲು ಕೈ ಹಾಕೋದೇ ಟೈಮಿಂಗ್ ಸ್ಕ್ರೂಗೆ. ಅದನ್ನ ಕೊನೆಗೆ ಮುಟ್ಟಬೇಕು. ಹದ ತಪ್ಪಿತೋ, ಇದ್ದ ನೇರ ಹೊಲಿಗೆಯೂ ಹೋಗಿ ಮಷಿನ್ ಗುಜರಿ ಸೇರುತ್ತೆ. (ನಮ್ಮ ಮನೆಗಳ ಕಪ್ಪು ಕಾಲ್ತುಳಿ ಮಷಿನ್‌ಗಳಲ್ಲಿ ಬಹುತೇಕ ಜಿಗ್‌ಜ್ಯಾಗೇ ಇರಲ್ಲ, ಬಿಡಿ.)

ಸೂಜಿ ಪಕ್ಕಕ್ಕೆ ಆಡ್ತಿಲ್ವಾ? ಸಾಮಾನ್ಯವಾಗಿ ವರ್ಷಗಟ್ಟಲೆ ನಿಂತ ಎಣ್ಣೆ ಅಂಟಾಗಿ ಕೀಲು ಹಿಡಿದಿರುತ್ತೆ. ಪ್ಲಗ್ ಕಿತ್ತು, ಒಂದೆರಡು ಹನಿ ಸೀಮೆಎಣ್ಣೆ ಬಿಟ್ಟು, ಕೈಯಲ್ಲೇ ಚಕ್ರ ತಿರುಗಿಸಿ. ಒರೆಸಿ ಮಷಿನ್ ಎಣ್ಣೆ ಹಾಕಿ.

ಒಂದೇ ಪಕ್ಕದ ಹೊಲಿಗೆ ತಪ್ಪಿದರೆ ಕಥೆ ಬೇರೆ. ಸೂಜಿ ಎಡಬಲ ಓಲಾಡುವುದರಿಂದ ಹುಕ್ಕಿನ ಮೊನೆ ಒಂದು ಕಡೆ ಬೇಗ, ಇನ್ನೊಂದು ಕಡೆ ತಡವಾಗಿ ದಾರದ ಕುಣಿಕೆ ಹಿಡಿಯುತ್ತೆ. ನೇರ ಹೊಲಿಗೆಯಲ್ಲಿ ಮುಚ್ಚಿಹೋಗೋ ಸಣ್ಣ ವ್ಯತ್ಯಾಸ ಇಲ್ಲಿ ಬಯಲಾಗುತ್ತೆ. ಆಗಲೂ ಮೊದಲು ಹೊಸ ಸೂಜಿ ಹಾಕಿ, ಪೂರ್ತಿ ಮೇಲಕ್ಕೆ ಕೂತಿದೆಯಾ ನೋಡಿ.